ಮನೆಯವರೊಬ್ಬರು ಇಲ್ಲದ ಹಬ್ಬ: ಪುಟ್ಟ ಮಕ್ಕಳ ಜೊತೆ ನಗುತ್ತಲೇ ಅಗಲಿದವರನ್ನು ನೆನೆಯಲು ಹಂತ ಹಂತದ ಮಾರ್ಗದರ್ಶಿ

ಈ ಕೆಲಸ ಸಾಮಾನ್ಯವಾಗಿ ಎರಡು ರೀತಿಯಲ್ಲಿ ಕೆಡುತ್ತದೆ. ಒಂದು, ಹಬ್ಬದ ದಿನವಿಡೀ ತೀರಿಕೊಂಡವರ ಹೆಸರನ್ನು ಯಾರೂ ಎತ್ತುವುದಿಲ್ಲ. ಮಗು ಖುಷಿಯಾಗಿರಲಿ ಅಂತ ದೊಡ್ಡವರೆಲ್ಲ ಬಾಯಿ ಬಿಗಿಹಿಡಿದಿರುತ್ತಾರೆ. ರಾತ್ರಿ ಹಾಸಿಗೆಯಲ್ಲಿ ಮಗುವೇ ಕೇಳುತ್ತದೆ, "ತಾತ ಯಾಕೆ ಬರಲಿಲ್ಲ?" ಎರಡು, ಎಲ್ಲರೂ ನಗುತ್ತಾ ಕೂತಿರುವಾಗ ಯಾರೋ ಇದ್ದಕ್ಕಿದ್ದ ಹಾಗೆ ಫೋಟೊ ತೆಗೆಯುತ್ತಾರೆ. ಒಬ್ಬರು ಅಳಲು ಶುರುಮಾಡಿದರೆ ಇನ್ನೊಬ್ಬರಿಗೂ ತಡೆಯಲಾಗುವುದಿಲ್ಲ. ಏನಾಯಿತು ಅಂತ ತಿಳಿಯದೆ ಮಗು ಹೆದರಿ ಮೂಲೆ ಸೇರುತ್ತದೆ.

ಎರಡೂ ಕಡೆ ಪ್ರೀತಿಗೇನೂ ಕೊರತೆಯಿಲ್ಲ. ನೆನಪಿಗೆ ಅಂತ ಒಂದು ಹೊತ್ತು, ಒಂದು ಜಾಗ ಮೊದಲೇ ಗೊತ್ತುಮಾಡಿಲ್ಲ, ಅಷ್ಟೇ. ಅದನ್ನು ಗೊತ್ತುಮಾಡಿ, ಮಗುವಿಗೂ ಮುಂಚೆಯೇ ಹೇಳಿದ್ದರೆ, ಉಳಿದ ದಿನ ನಿಜವಾಗಿಯೂ ಮಗುವಿನ ಹಬ್ಬವಾಗುತ್ತದೆ.

ಕೆಳಗಿನ ಹಂತಗಳು ಸುಮಾರು 2ರಿಂದ 8 ವರ್ಷದ ಮಕ್ಕಳಿರುವ ಮನೆಗಳಿಗೆ. ದಯವಿಟ್ಟು ಕ್ರಮ ಬದಲಿಸಬೇಡಿ. ಫೋಟೊ, ದೀಪ, ನೆನಪಿನ ಮಾತು ಎಲ್ಲ ಬರುವುದು 4ನೇ ಹಂತದಲ್ಲಿ. ಹೆಚ್ಚಿನವರು ಮೊದಲ ಮೂರನ್ನು ಬಿಟ್ಟು ನೇರವಾಗಿ ಅಲ್ಲಿಗೇ ಹೋಗುತ್ತಾರೆ. ಕೆಡುವುದು ಅದರಿಂದಲೇ.

ಮೊದಲು ಜೋಡಿಸಿಟ್ಟುಕೊಳ್ಳಬೇಕಾದ್ದು

ಒಂದು ಫೋಟೊ. ಒಂದೇ ಸಾಕು. ಅವರು ಆರೋಗ್ಯವಾಗಿದ್ದಾಗ ತೆಗೆದದ್ದಾಗಿರಲಿ, ಸಾಧ್ಯವಾದರೆ ಮಗುವಿನ ಜೊತೆ ಇರುವುದು. ಆಸ್ಪತ್ರೆಯ ಫೋಟೊ, ಕೊನೆಯ ದಿನಗಳ ಫೋಟೊ ಬೇಡ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಗಾಜಿನ ಚೌಕಟ್ಟು ಬೇಡ. ಗಟ್ಟಿ ರಟ್ಟಿಗೆ ಅಂಟಿಸಿದ ಪ್ರತಿ ಒಳ್ಳೆಯದು. ಮಗು ಅದನ್ನು ಕೈಯಲ್ಲಿ ಹಿಡಿಯಲಿ, ಮುತ್ತು ಕೊಡಲಿ, ಬೇಕಾದರೆ ಬೀಳಿಸಲಿ.

ಬಿಳಿ ಹಾಳೆ, ಬಣ್ಣದ ಕಡ್ಡಿ, ಮುಚ್ಚಳವಿರುವ ಒಂದು ಡಬ್ಬಿ. ಡಬ್ಬಿ ಚಂದ ಇರಬೇಕೆಂದೇನೂ ಇಲ್ಲ, ಆದರೆ ಮುಚ್ಚಳ ಬೇಕೇ ಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ಬೆಳಕು ಹಚ್ಚುವ ಮನಸ್ಸಿದ್ದರೆ ಬ್ಯಾಟರಿ ದೀಪ ಇಟ್ಟುಕೊಳ್ಳಿ. ಉರಿಯುವ ದೀಪ ಅಥವಾ ಮೇಣದಬತ್ತಿಯೇ ಬೇಕೆಂದರೆ ಅದರ ಪಕ್ಕದಲ್ಲಿ ಒಬ್ಬ ದೊಡ್ಡವರು ಕೊನೆಯವರೆಗೂ ಇರಬೇಕು. ಕಣ್ಣು ಮಂಜಾಗಿ ಅಳುತ್ತಿರುವವರಿಗೆ ಆ ಕೆಲಸ ಬೇಡ.

ಅವರ ದನಿ ಇರುವ ವಿಡಿಯೊ ಅಥವಾ ಫೋನಿನ ದನಿಸಂದೇಶ ಇದ್ದರೆ ಈಗಲೇ ಎರಡು ಕಡೆ ಪ್ರತಿ ಮಾಡಿಟ್ಟುಕೊಳ್ಳಿ. ಫೋನ್ ಹಾಳಾದರೆ ಅದು ಮತ್ತೆ ಸಿಗುವುದಿಲ್ಲ. ಹಬ್ಬದ ದಿನ ಕೇಳಿಸುವುದಾದರೆ ಅರ್ಧ ನಿಮಿಷದ ತುಣುಕು ಸಾಕು. ಮಗುವಿನ ಮುಂದೆ ಹಾಕುವ ಮೊದಲು ನೀವೊಬ್ಬರೇ ಕೂತು ಒಮ್ಮೆ ಕೇಳಿ. ಆ ದನಿ ನಿಮ್ಮನ್ನು ಎಷ್ಟು ಅಲುಗಾಡಿಸುತ್ತದೆ ಅಂತ ಮೊದಲೇ ತಿಳಿದಿರಬೇಕು.

ಕೊನೆಯದಾಗಿ, ಒಬ್ಬ ಜೊತೆಗಾರರು. ನಿಮಗೆ ತಡೆಯಲಾಗದೆ ಎದ್ದು ಒಳಗೆ ಹೋಗಬೇಕಾಗಿ ಬಂದರೆ, ಆ ಹೊತ್ತಿಗೆ ಮಗುವಿನ ಪಕ್ಕದಲ್ಲಿ ಕೂರುವವರು. ಚಿಕ್ಕಮ್ಮನೋ, ಮಾವನೋ, ನೆರೆಮನೆಯ ಗೆಳತಿಯೋ, ಯಾರಾದರೂ ಸರಿ. ಆದರೆ ಅವರಿಗೆ ಇದನ್ನು ಮುಂಚೆಯೇ ಹೇಳಿರಬೇಕು. "ಯಾರಾದರೂ ನೋಡಿಕೊಳ್ಳುತ್ತಾರೆ ಬಿಡು" ಅಂದುಕೊಂಡ ಕಡೆ ಯಾರೂ ನೋಡಿಕೊಳ್ಳುವುದಿಲ್ಲ.

ಹಂತ 1: ದೊಡ್ಡವರು ಮೊದಲು ಮಾತಾಡಿಕೊಳ್ಳಿ

ಹಬ್ಬಕ್ಕೆ ಎರಡು ಮೂರು ವಾರ ಮುಂಚೆ, ಮಕ್ಕಳು ಮಲಗಿದ ಮೇಲೆ ಕೂತುಕೊಳ್ಳಿ. ಮೂರೇ ಪ್ರಶ್ನೆ. ಈ ಸಲ ಯಾವುದನ್ನು ಮೊದಲಿನಂತೆ ಉಳಿಸಿಕೊಳ್ಳುವುದು? ಯಾವುದನ್ನು ಬಿಡುವುದು? ಅವರು ಮಾಡುತ್ತಿದ್ದ ಕೆಲಸವನ್ನು ಯಾರು ಮಾಡುವುದು?

ಮೂರನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆ ಅಲಂಕರಿಸುತ್ತಿದ್ದವರು, ಮಕ್ಕಳಿಗೆ ಉಡುಗೊರೆ ಹಂಚುತ್ತಿದ್ದವರು, ಎಲ್ಲರನ್ನೂ ಊಟಕ್ಕೆ ಕೂಗುತ್ತಿದ್ದವರು ಅವರೇ ಆಗಿದ್ದರೆ, ಆ ಗಳಿಗೆ ಬಂದಾಗ ಮನೆಮಂದಿಯೆಲ್ಲ ತಬ್ಬಿಬ್ಬಾಗಿ ನಿಂತುಬಿಡುತ್ತಾರೆ. ಮಗುವಿಗೆ ಅದು ತಕ್ಷಣ ಗೊತ್ತಾಗುತ್ತದೆ. ಒಬ್ಬರ ಹೆಸರನ್ನು ಈಗಲೇ ಹೇಳಿಬಿಡಿ. ಅಥವಾ ಈ ವರ್ಷ ಆ ಕೆಲಸವನ್ನು ಎಲ್ಲರೂ ಸೇರಿ ಮಾಡುವುದು ಅಂತ ತೀರ್ಮಾನಿಸಿ.

ಇಲ್ಲಿ ಜಗಳ ಬರಬಹುದು. ಗಂಡನನ್ನು ಕಳೆದುಕೊಂಡ ಅಜ್ಜಿಗೆ ಹಬ್ಬವೇ ಬೇಡ ಅನ್ನಿಸುತ್ತದೆ. ಮಗುವಿನ ತಾಯಿಗೆ ಮಗುವಿನ ಹಬ್ಬ ತಪ್ಪಬಾರದು ಅನ್ನಿಸುತ್ತದೆ. ಇಬ್ಬರದ್ದೂ ಸರಿ. "ನಗುವುದು ಅವರಿಗೆ ಮಾಡುವ ದ್ರೋಹ" ಎಂಬ ಅಳುಕು ಇರುವವರಿಗೆ ಒಂದು ಮಾತು. ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ದುಃಖವನ್ನು ವಿವರಿಸಿದ ರೀತಿ ಈಗ ಆಪ್ತಸಲಹೆ ಮಾಡುವವರಲ್ಲಿ ಚಿರಪರಿಚಿತ. ಕಳೆದುಕೊಂಡವರು ಒಮ್ಮೆ ನೋವಿನ ಕಡೆಗೆ, ಒಮ್ಮೆ ದಿನದ ಬದುಕಿನ ಕಡೆಗೆ ಹೋಗಿಬರುತ್ತಲೇ ಇರುತ್ತಾರೆ, ಚೇತರಿಕೆಗೆ ಈ ಓಡಾಟವೇ ಬೇಕು ಅನ್ನುವುದು ಅವರ ವಾದ. ಹಾಗಾಗಿ ಬೆಳಿಗ್ಗೆ ಅತ್ತು ಮಧ್ಯಾಹ್ನ ನಕ್ಕರೆ ಯಾರಿಗೂ ಅನ್ಯಾಯವಾಗುವುದಿಲ್ಲ.

ಈ ವರ್ಷ ಹಬ್ಬವೇ ಬೇಡ ಎಂದು ಮನೆಯವರೆಲ್ಲ ಒಪ್ಪಿದರೆ ಅದೂ ಸರಿಯೇ. ಆದರೆ ಮಗುವಿಗೆ ಅದನ್ನು ಕಾರಣದ ಜೊತೆಗೆ ಹೇಳಿ, "ಮುಂದಿನ ವರ್ಷ ಮಾಡೋಣ" ಎಂದು ಸೇರಿಸಿ. ಹೇಳದಿದ್ದರೆ ತಾನೇನೋ ತಪ್ಪು ಮಾಡಿದ್ದಕ್ಕೆ ಹಬ್ಬ ನಿಂತಿದೆ ಅಂತ ನಾಲ್ಕು ವರ್ಷದ ಮಗು ನಂಬಿಬಿಡಬಹುದು.

ಹಂತ 2: ಮಗುವಿಗೆ ಎಷ್ಟು ಗೊತ್ತಿದೆ, ತಿಳಿದುಕೊಳ್ಳಿ

ಹೇಳುವುದಕ್ಕೆ ಮುಂಚೆ ಕೇಳಿ. "ಅಜ್ಜಿಗೆ ಏನಾಯ್ತು ಅಂತ ನಿಂಗೆ ಗೊತ್ತಾ ಪುಟ್ಟಾ?" ಬರುವ ಉತ್ತರ ನಿಮ್ಮನ್ನು ಬೆಚ್ಚಿಬೀಳಿಸಬಹುದು. ಬೈಯಬೇಡಿ, ಮಧ್ಯದಲ್ಲಿ ತಿದ್ದಬೇಡಿ. ಪೂರ್ತಿ ಕೇಳಿಸಿಕೊಳ್ಳಿ.

ಸಾವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮಗುವಿಗೆ ಮೂರು ಸಂಗತಿ ತಿಳಿಯಬೇಕು. ಸತ್ತವರು ಮತ್ತೆ ಬರುವುದಿಲ್ಲ. ಅವರ ದೇಹ ಕೆಲಸ ಮಾಡುವುದಿಲ್ಲ. ಬದುಕಿರುವ ಎಲ್ಲರಿಗೂ ಒಂದು ದಿನ ಸಾವು ಬರುತ್ತದೆ. ಅದುವರೆಗಿನ ಅಧ್ಯಯನಗಳನ್ನೆಲ್ಲ ಮಾರ್ಕ್ ಸ್ಪೀಸ್ ಮತ್ತು ಸ್ಯಾಂಡರ್ ಬ್ರೆಂಟ್ 1984ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಹೆಚ್ಚಿನ ಮಕ್ಕಳು ಈ ಮೂರನ್ನೂ 5ರಿಂದ 7 ವರ್ಷದ ನಡುವೆ ಹಿಡಿಯುತ್ತಾರೆ ಎಂದು ಕಂಡುಬಂತು. ಅಂದರೆ ನಿಮ್ಮ ನಾಲ್ಕು ವರ್ಷದ ಮಗಳಿಗೆ "ತಾತ ಸತ್ತುಹೋದರು" ಅನ್ನುವುದೂ ಗೊತ್ತಿರಬಹುದು, "ಹಬ್ಬಕ್ಕೆ ಬರ್ತಾರೆ" ಅನ್ನುವ ನಂಬಿಕೆಯೂ ಇರಬಹುದು. ಎರಡೂ ಒಟ್ಟೊಟ್ಟಿಗೆ. ಅವಳು ಹಟ ಮಾಡುತ್ತಿಲ್ಲ, ಆ ವಯಸ್ಸೇ ಹಾಗೆ.

ಎರಡು ವರ್ಷದ ಮಗುವಿಗೆ ಮಾತಿಗಿಂತ ದಿನಚರಿ ಮುಖ್ಯ. ಎತ್ತಿಕೊಳ್ಳುತ್ತಿದ್ದ ಕೈ ಇಲ್ಲ ಅನ್ನುವುದು ಅದಕ್ಕೆ ಗೊತ್ತಾಗುತ್ತದೆ, ಆದರೆ ವಿವರಣೆ ಬೇಕಿಲ್ಲ. ಏಳು ಎಂಟರ ಮಕ್ಕಳು ಬೇರೆಯೇ ಪ್ರಶ್ನೆ ತರುತ್ತಾರೆ: "ನೀನೂ ಸಾಯ್ತೀಯಾ ಅಮ್ಮ?" ಇದಕ್ಕೆ "ಇಲ್ಲ" ಎಂದು ಸುಳ್ಳು ಹೇಳಬೇಡಿ. "ಎಲ್ಲರೂ ಒಂದು ದಿನ ಸಾಯ್ತಾರೆ. ನಾನು ಈಗ ಆರೋಗ್ಯವಾಗಿದ್ದೀನಿ, ತುಂಬಾ ವರ್ಷ ನಿನ್ನ ಜೊತೆ ಇರ್ತೀನಿ ಅಂದ್ಕೊಂಡಿದ್ದೀನಿ. ನಿನ್ನ ನೋಡ್ಕೊಳ್ಳೋಕೆ ಯಾವಾಗ್ಲೂ ದೊಡ್ಡವರು ಇದ್ದೇ ಇರ್ತಾರೆ" ಅನ್ನಿ, ಆ ದೊಡ್ಡವರ ಹೆಸರುಗಳನ್ನೂ ಹೇಳಿ. ಮಗು ನಿಜವಾಗಿ ಕೇಳುತ್ತಿರುವುದು ತನ್ನನ್ನು ಯಾರು ನೋಡಿಕೊಳ್ಳುತ್ತಾರೆ ಅಂತ.

ಈಗ ಸಾವಿನ ಬಗ್ಗೆ ಹೇಳುವ ಮಾತು. ನೇರವಾಗಿರಲಿ: "ಅಜ್ಜಿ ಸತ್ತುಹೋದರು. ಅಂದ್ರೆ ಅವರ ದೇಹ ಕೆಲಸ ಮಾಡೋದು ನಿಂತುಹೋಯ್ತು. ಅವರಿಗೆ ಹಸಿವಾಗಲ್ಲ, ಚಳಿ ಆಗಲ್ಲ, ನೋವೂ ಆಗಲ್ಲ. ಅವರು ವಾಪಸ್ ಬರೋಕೆ ಆಗಲ್ಲ." ಕೇಳುವುದಕ್ಕೆ ಕಟುವಾಗಿದೆ, ಅಲ್ವಾ? ಆದರೆ ಮೆದುಮಾತಿನಿಂದ ಆಗುವ ಪೆಟ್ಟು ಇದಕ್ಕಿಂತ ದೊಡ್ಡದು. "ಮಲಗಿಬಿಟ್ಟರು" ಎಂದರೆ ಮಗು ಮಲಗಲು ಹೆದರುತ್ತದೆ. "ಊರಿಗೆ ಹೋಗಿದ್ದಾರೆ" ಎಂದರೆ ಹಬ್ಬದ ದಿನ ಬಾಗಿಲು ಕಾಯುತ್ತದೆ. "ಹುಷಾರಿರಲಿಲ್ಲ, ಹೋಗಿಬಿಟ್ಟರು" ಎಂದಷ್ಟೇ ಹೇಳಿದರೆ ನಿಮಗೆ ನೆಗಡಿಯಾದರೂ ಬೆಚ್ಚುತ್ತದೆ. "ತುಂಬಾ ತುಂಬಾ ದೊಡ್ಡ ಕಾಯಿಲೆ, ನಮಗೆ ಬರೋ ನೆಗಡಿ ಜ್ವರದ ತರ ಅಲ್ಲ" ಎಂದು ಬಿಡಿಸಿ ಹೇಳಿ. ದೇವರು, ಸ್ವರ್ಗ, ನಕ್ಷತ್ರ ಎಂಬ ನಂಬಿಕೆ ನಿಮ್ಮ ಮನೆಯಲ್ಲಿದ್ದರೆ ಖಂಡಿತ ಹೇಳಿ. ಆದರೆ ದೇಹದ ಮಾತು ಮೊದಲು, ನಂಬಿಕೆಯ ಮಾತು ಆಮೇಲೆ.

ಇನ್ನೊಂದನ್ನು ಮರೆಯಬೇಡಿ. ತನ್ನ ಕೋಪದಿಂದಲೋ ಹಟದಿಂದಲೋ ಅವರು ಸತ್ತರು ಎಂದು ಚಿಕ್ಕ ಮಕ್ಕಳು ಒಳಗೊಳಗೇ ನಂಬಿರುವುದುಂಟು. ಕೇಳಲಿ ಬಿಡಲಿ, ಹೇಳಿಬಿಡಿ: "ನೀನು ಏನೋ ಅಂದಿದ್ದಕ್ಕೆ, ಏನೋ ಮಾಡಿದ್ದಕ್ಕೆ ಇದು ಆಗಿದ್ದಲ್ಲ."

ಹಂತ 3: ಹಬ್ಬದ ದಿನ ಏನೇನು ನಡೆಯುತ್ತದೆ ಎಂದು ಮುಂಚಿತವಾಗಿ ಹೇಳಿ

ಎರಡು ಮೂರು ದಿನ ಮುಂಚೆ ಹೇಳಿದರೆ ಸಾಕು. ತೀರಾ ಮುಂಚೆ ಹೇಳಿದರೆ ಪುಟ್ಟ ಮಕ್ಕಳಿಗೆ ಅದು ಹಿಡಿತಕ್ಕೆ ಸಿಗುವುದಿಲ್ಲ.

"ಹಬ್ಬದ ದಿನ ತಿಂಡಿ ಆದ್ಮೇಲೆ ನಾವೆಲ್ಲ ಸ್ವಲ್ಪ ಹೊತ್ತು ತಾತನ ನೆನಪು ಮಾಡ್ಕೋತೀವಿ. ಅವರ ಫೋಟೊ ಇಡ್ತೀವಿ, ಒಂದು ಕಥೆ ಹೇಳ್ತೀವಿ. ಅಜ್ಜಿಗೆ ಅಳು ಬರಬಹುದು. ಬಂದ್ರೂ ಪರವಾಗಿಲ್ಲ. ಆಮೇಲೆ ನಾವು ಆಟ ಆಡ್ತೀವಿ." ಇಷ್ಟು ಸಾಕು. ಅಳು ಬರಬಹುದು ಎಂಬ ಮಾತನ್ನು ಮಾತ್ರ ಬಿಡಬೇಡಿ. ಗೊತ್ತಿದ್ದು ನೋಡುವ ಅಳುವಿಗೂ ಇದ್ದಕ್ಕಿದ್ದಂತೆ ಕಾಣುವ ಅಳುವಿಗೂ ಮಗುವಿನ ಮಟ್ಟಿಗೆ ತುಂಬಾ ವ್ಯತ್ಯಾಸವಿದೆ.

ಆಯ್ಕೆ ಕೊಡಿ, ಆದರೆ ಎರಡೇ. "ತಾತನಿಗೆ ಚಿತ್ರ ಬರೀತೀಯಾ, ಇಲ್ಲಾ ಫೋಟೊ ಇಡೋಕೆ ನಂಗೆ ಸಹಾಯ ಮಾಡ್ತೀಯಾ?" ಎರಡೂ ಬೇಡ ಎಂದರೆ ಬಿಡಿ. ಪಕ್ಕದಲ್ಲಿ ಆಡಿಕೊಂಡಿದ್ದರೂ ಅದರ ಕಿವಿ ಇತ್ತಲೇ ಇರುತ್ತದೆ.

ಬರುವ ನೆಂಟರಿಗೂ ಒಂದು ಸಂದೇಶ ಕಳಿಸಿ. "ಅಪ್ಪನ ಹೆಸರು ಹೇಳಲು ಹಿಂಜರಿಯಬೇಡಿ. ಅವರ ಬಗ್ಗೆ ಮಾತಾಡಿದರೆ ನಮಗೆ ಸಮಾಧಾನ. ಆದರೆ ಮಗುವಿನ ಮುಂದೆ ಕೊನೆಯ ದಿನಗಳ ವಿವರ ಬೇಡ, 'ಪಾಪ' ಅನ್ನುವುದೂ ಬೇಡ." ಈ ಸಾಲುಗಳನ್ನು ಹಾಗೇ ಬಳಸಿಕೊಳ್ಳಿ. ಏನು ಮಾತಾಡಬೇಕೆಂದು ತಿಳಿಯದೆ ಒದ್ದಾಡುವವರೇ ಜಾಸ್ತಿ. ಹೇಳಿಬಿಟ್ಟರೆ ಅವರಿಗೂ ನಿರಾಳ.

ಹಂತ 4: ನೆನಪಿನ ಹೊತ್ತು

ಯಾವಾಗ? ಬೆಳಿಗ್ಗೆ, ಹೊಟ್ಟೆ ತುಂಬಿದ ಮೇಲೆ, ನೆಂಟರು ಬರುವ ಮುಂಚೆ. ಮಲಗುವ ಮುಂಚೆ ಖಂಡಿತ ಬೇಡ. ಹಸಿದಾಗ, ದಣಿದಾಗಲೂ ಬೇಡ. ಎಷ್ಟು ಹೊತ್ತು? ಆರು ವರ್ಷದೊಳಗಿನವರಿದ್ದರೆ ಐದರಿಂದ ಹತ್ತು ನಿಮಿಷ. ದೊಡ್ಡವರಿಗೆ ಇದು ಸಾಲದು. ಅವರ ದೀರ್ಘ ನೆನಪುಗಳಿಗೆ ಮಕ್ಕಳು ಮಲಗಿದ ನಂತರ ಬೇರೆ ಹೊತ್ತು ಇಟ್ಟುಕೊಳ್ಳಿ. ಎರಡನ್ನೂ ಒಂದೇ ಕಡೆ ಸೇರಿಸಿದರೆ ಅರ್ಧಕ್ಕೇ ಮಗು ಎದ್ದು ಓಡುತ್ತದೆ, ಓಡಿದ್ದಕ್ಕೆ ಯಾರೋ ಗದರುತ್ತಾರೆ. ಅಲ್ಲಿಗೆ ತಾತನ ನೆನಪೆಂದರೆ ಬೈಗುಳ ಎಂದಾಗಿಬಿಡುತ್ತದೆ.

4.1. ಎಲ್ಲರೂ ನೆಲದ ಮೇಲೆ, ಮಗುವಿನ ಎತ್ತರಕ್ಕೆ ಕೂರಿ. ಫೋಟೊ ಕೂಡ ಅದರ ಕಣ್ಣಿನ ಎತ್ತರಕ್ಕೆ ಇರಲಿ. ಒಪ್ಪಿಕೊಂಡಿದ್ದರೆ ಮಗುವೇ ಅದನ್ನು ತಂದು ಇಡಲಿ.

4.2. ಒಬ್ಬರೇ, ಒಂದೇ ಕಥೆ ಹೇಳಿ. ಕಣ್ಣಿಗೆ ಕಟ್ಟುವ ಸಣ್ಣ ಕಥೆ. "ತಾತ ತುಂಬಾ ಒಳ್ಳೆಯವರಾಗಿದ್ದರು" ಎಂದರೆ ಮಗುವಿನ ಕೈಗೆ ಏನೂ ಸಿಗುವುದಿಲ್ಲ. "ತಾತ ಕನ್ನಡಕ ತಲೆ ಮೇಲೆ ಇಟ್ಕೊಂಡು ಮನೆಯೆಲ್ಲ ಹುಡುಕ್ತಿದ್ರು, ನೀನು ತೋರಿಸ್ಕೊಟ್ಟೆ" ಎಂದರೆ ಮಗು ನಗುತ್ತದೆ, "ಇನ್ನೊಂದ್ಸಲ ಹೇಳು" ಅನ್ನುತ್ತದೆ. ಕಥೆಯಲ್ಲಿ ಮಗುವೂ ಇದ್ದರೆ ತುಂಬಾ ಒಳ್ಳೆಯದು. ಕಾಯಿಲೆಯ ಕಥೆ ಇಲ್ಲಿ ಬೇಡ.

ಮಗು ತನ್ನದೇ ಕಥೆ ಹೇಳಬಹುದು, ಅದರಲ್ಲಿ ನಡೆಯದೇ ಇದ್ದದ್ದೂ ಸೇರಿರಬಹುದು. ತಿದ್ದುವ ಗೋಜಿಗೆ ಹೋಗಬೇಡಿ. ತಿದ್ದಬೇಕಾದ್ದು ಒಂದನ್ನೇ: "ನಾಳೆ ಬರ್ತಾರೆ" ಎಂದಾಗ. ಆಗ ಮೆತ್ತಗೆ, "ಬರೋಕೆ ಆಗಲ್ಲ ಪುಟ್ಟಾ. ನಂಗೂ ಬರ್ಬೇಕು ಅನ್ಸುತ್ತೆ" ಎಂದು ಹೇಳಿ.

4.3. ಕೈಗೆ ಒಂದು ಕೆಲಸ ಕೊಡಿ. ಚಿತ್ರ ಬರೆಯಲಿ, ಹೂ ಇಡಲಿ, ಬ್ಯಾಟರಿ ದೀಪದ ಗುಂಡಿ ಒತ್ತಲಿ. ಮಾತಿಗಿಂತ ಈ ಕೆಲಸವೇ ಮಗುವಿಗೆ ನೆನಪಿರುವುದು. ಬರೆದದ್ದು ಏನೆಂದು ಗೊತ್ತಾಗದಿದ್ದರೆ "ಇದರ ಕಥೆ ಹೇಳ್ತೀಯಾ?" ಎಂದು ಕೇಳಿ, ಹೇಳಿದ್ದನ್ನು ಹಾಳೆಯ ಹಿಂದೆ ಬರೆದು ವರ್ಷ ಹಾಕಿ.

4.4. ಮುಗಿಸುವ ಗುರುತು. ಎಲ್ಲರೂ ಮರೆಯುವುದು ಇದನ್ನೇ. ಚಿತ್ರವನ್ನು ಡಬ್ಬಿಯಲ್ಲಿಟ್ಟು ಮಗುವಿನ ಕೈಯಲ್ಲೇ ಮುಚ್ಚಳ ಹಾಕಿಸಿ. "ತಾತನ ನೆನಪು ಈ ಡಬ್ಬಿಯಲ್ಲಿದೆ. ನಿಂಗೆ ಬೇಕಾದಾಗ ಕೇಳು, ತೆಗೆಯೋಣ" ಎಂದು ಹೇಳಿ. ಮುಚ್ಚಳ ಬೇಕೇ ಬೇಕು ಎಂದದ್ದು ಇದಕ್ಕೆ. ದುಃಖದ ಹೊತ್ತು ಶುರುವಾದದ್ದು ಗೊತ್ತಾದಂತೆ ಮುಗಿದದ್ದೂ ಮಗುವಿಗೆ ಗೊತ್ತಾಗಬೇಕು. ಇಲ್ಲದಿದ್ದರೆ ಈಗ ನಗಬಹುದೋ ಬೇಡವೋ ಎಂದು ದೊಡ್ಡವರ ಮುಖ ನೋಡುತ್ತಲೇ ಇರುತ್ತದೆ.

4.5. ತಕ್ಷಣ ಮುಂದಿನ ಕೆಲಸ. ಹೊಸ ಬಟ್ಟೆ ಹಾಕುವುದು, ಉಡುಗೊರೆ ಬಿಚ್ಚುವುದು, ಹೊರಗೆ ಓಡುವುದು, ಏನಾದರೂ ಸರಿ. ನಡುವೆ ಖಾಲಿ ಸಮಯ ಬಿಡಬೇಡಿ.

ಮಗು ಹುಟ್ಟುವ ಮೊದಲೇ ತೀರಿಕೊಂಡವರಾದರೆ ದುಃಖವನ್ನು ಮಗುವಿನ ಮೇಲೆ ಹೇರಬೇಡಿ. ಅದಕ್ಕೆ ಕಳೆದುಕೊಂಡ ನೆನಪಿಲ್ಲ, ಪರಿಚಯ ಮಾತ್ರ ಬೇಕು. "ಇವರು ನನ್ನ ಅಮ್ಮ. ನಿನ್ನ ಹಾಗೇ ಇವರಿಗೂ ಮಳೇಲಿ ನೆನೆಯೋದು ಇಷ್ಟ" ಎಂದರೆ ಒಂದು ನಂಟು ಹುಟ್ಟುತ್ತದೆ. ಸತ್ತವರನ್ನು ಮರೆತು ಮುಂದೆ ಸಾಗುವುದೇ ಆರೋಗ್ಯ ಎಂಬ ಹಳೆಯ ಅಭಿಪ್ರಾಯವನ್ನು ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ 1996ರಲ್ಲಿ ಪ್ರಶ್ನಿಸಿದರು. ಅಗಲಿದವರ ಜೊತೆಗಿನ ನಂಟು ಬೇರೆ ರೂಪದಲ್ಲಿ ಮುಂದುವರಿಯುವುದು ಸಹಜ ಎಂದು ಅವರು ತೋರಿಸಿಕೊಟ್ಟರು. ಹುಟ್ಟುವ ಮೊದಲೇ ಹೋದ ಅಜ್ಜಿಯನ್ನೂ ಮಗು ತನ್ನವಳು ಎಂದುಕೊಳ್ಳಬಹುದು.

ಹಂತ 5: ಉಳಿದ ದಿನವನ್ನು ಮಗುವಿಗೆ ಬಿಟ್ಟುಕೊಡಿ

ಇಲ್ಲಿಂದ ಮುಂದೆ ನೀವಾಗಿ ದುಃಖದ ಮಾತು ತೆಗೆಯಬೇಡಿ. ಮಗು ತೆಗೆದರೆ ಉತ್ತರಿಸಿ. ಊಟದ ಮಧ್ಯೆ "ತಾತ ಈಗ ಏನ್ ತಿಂತಾರೆ?" ಎಂದು ಕೇಳಿದರೆ ಎಲ್ಲರೂ ತುತ್ತು ನಿಲ್ಲಿಸಿ ಮೌನವಾಗುತ್ತಾರೆ. ಮೌನವೇ ಮಗುವನ್ನು ಹೆದರಿಸುವುದು. "ಸತ್ತವರಿಗೆ ಹಸಿವಾಗಲ್ಲ. ತಾತನಿಗೆ ಇದು ತುಂಬಾ ಇಷ್ಟ ಆಗಿತ್ತು, ಅಲ್ವಾ?" ಎಂದು ಹೇಳಿ ಊಟ ಮುಂದುವರಿಸಿ.

ಅವರು ಕೂರುತ್ತಿದ್ದ ಕುರ್ಚಿಯನ್ನು ಖಾಲಿ ಬಿಡಬೇಡಿ ಎನ್ನುವುದು ನನ್ನ ಸಲಹೆ. ದೊಡ್ಡವರಿಗೆ ಅದು ಗೌರವ ಅನ್ನಿಸಬಹುದು. ಮಗುವಿಗೆ ಅದು ಯಾರೋ ಬರಲಿದ್ದಾರೆ ಎಂಬ ಸೂಚನೆ. "ಇವತ್ತು ತಾತನ ಜಾಗದಲ್ಲಿ ನಾನು ಕೂರ್ತೀನಿ" ಎಂದು ಒಬ್ಬರು ಹೇಳಿ ಕೂರಲಿ. ಮಗುವೇ ಕೂರುತ್ತೇನೆ ಎಂದರೆ ಕೂರಲಿ.

ನಿದ್ದೆ ತಪ್ಪಿಸಬೇಡಿ. ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಹೇಳಿದ ಲೆಕ್ಕದ ಪ್ರಕಾರ ದಿನಕ್ಕೆ ಬೇಕಾದ ನಿದ್ದೆ 1ರಿಂದ 2 ವರ್ಷಕ್ಕೆ 11ರಿಂದ 14 ಗಂಟೆ, 3ರಿಂದ 5ಕ್ಕೆ 10ರಿಂದ 13 ಗಂಟೆ. ಇವೆರಡರಲ್ಲೂ ಹಗಲಿನ ನಿದ್ದೆ ಸೇರಿದೆ. 6ರಿಂದ 12 ವರ್ಷಕ್ಕೆ 9ರಿಂದ 12 ಗಂಟೆ. ಹಬ್ಬದ ಸಂಜೆ ಮಗು ಹಟ ಹಿಡಿದು ಅತ್ತಾಗ "ತಾತನ ನೆನಪಾಗಿದೆ ಪಾಪ" ಅನ್ನುತ್ತೇವೆ. ಮಗುವಿಗೆ ಸುಮ್ನೆ ನಿದ್ದೆ ಬಂದಿರುತ್ತದೆ. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಒಂದು ಕೋಣೆ ಖಾಲಿ ಇರಲಿ. ದುಃಖ ಉಕ್ಕಿಬಂದ ದೊಡ್ಡವರಿಗೆ ಬೇರೊಂದು ಮೂಲೆ ಇರಲಿ.

ಹಂತ 6: ಅಳು ಬಂದಾಗ, ಅಳು ಬಾರದಿದ್ದಾಗ

ನೀವು ಅತ್ತರೆ ಮಗುವಿಗೆ ಕೆಟ್ಟದ್ದಾಗುವುದಿಲ್ಲ. ಕಾರಣ ಹೇಳದೆ ಅತ್ತರೆ ಆಗುತ್ತದೆ. "ಅಮ್ಮಂಗೆ ತಾತನ ನೆನಪಾಗಿ ಅಳು ಬಂತು. ನೀನು ಏನೂ ಮಾಡಿಲ್ಲ. ಸ್ವಲ್ಪ ಹೊತ್ತಲ್ಲಿ ಸರಿ ಹೋಗ್ತೀನಿ." ಕಣ್ಣೊರೆಸಿಕೊಂಡ ಮೇಲೆ "ಈಗ ಸರಿ ಹೋದೆ" ಅನ್ನುವುದನ್ನೂ ಹೇಳಿ. ದುಃಖಕ್ಕೆ ಕೊನೆಯಿದೆ ಎಂಬುದನ್ನು ಮಗು ಕಲಿಯುವುದು ಅಲ್ಲಿಂದ. ತಡೆಯಲಾಗದಷ್ಟು ಅಳು ಬಂದರೆ ಜೊತೆಗಾರರಿಗೆ ಕಣ್ಸನ್ನೆ ಮಾಡಿ ಎದ್ದುಹೋಗಿ. ನಿಮ್ಮನ್ನು ಸಮಾಧಾನಪಡಿಸುವ ಕೆಲಸ ಮಗುವಿನ ಮೇಲೆ ಬೀಳಬಾರದು.

ಮಗು ಅಳದಿದ್ದರೆ? ಫೋಟೊ ನೋಡಿ ಎರಡು ಹನಿ ಹಾಕಿ, ಮರುಕ್ಷಣ "ನಂಗೆ ಬಲೂನ್ ಬೇಕು" ಎಂದು ಓಡಿದರೆ? ಅದು ಕಲ್ಲುಮನಸ್ಸಲ್ಲ. ಚಿಕ್ಕ ಮಕ್ಕಳು ಮಳೆನೀರಿನ ಗುಂಡಿಗೆ ಹಾರಿ ಹೊರಗೆ ನೆಗೆಯುವಂತೆ ದುಃಖದೊಳಗೆ ಹೋಗಿಬರುತ್ತಾರೆ ಎಂದು ಮಕ್ಕಳ ಆಪ್ತಸಲಹೆಗಾರರು ವಿವರಿಸುವುದುಂಟು. ತುಂಬಾ ಹೊತ್ತು ನೋವಿನಲ್ಲಿ ಕೂರುವ ತ್ರಾಣ ಆ ವಯಸ್ಸಿಗಿಲ್ಲ. "ನಿಂಗೆ ತಾತ ಅಂದ್ರೆ ಇಷ್ಟ ಇರಲಿಲ್ವಾ?" ಎಂದು ಮಾತ್ರ ಯಾರೂ ಕೇಳದಂತೆ ನೋಡಿಕೊಳ್ಳಿ.

ಹಂತ 7: ರಾತ್ರಿ ಮತ್ತು ಮರುದಿನ

ಮಲಗಿಸುವಾಗ ಪ್ರಶ್ನೆಗಳು ಬರುತ್ತವೆ. ಬೆಳಿಗ್ಗೆ ಹೇಳಿದ್ದನ್ನೇ, ಅದೇ ಮಾತುಗಳಲ್ಲಿ ಹೇಳಿ. ಪುಟ್ಟ ಮಕ್ಕಳು ಅದೇ ಪ್ರಶ್ನೆಯನ್ನು ಹತ್ತಾರು ಸಲ ಕೇಳುವುದು ಉತ್ತರ ಬದಲಾಗಿಲ್ಲ ತಾನೇ ಎಂದು ಖಚಿತಪಡಿಸಿಕೊಳ್ಳಲು.

ಮರುದಿನ ಮಗು ಜಾಸ್ತಿ ಅಂಟಿಕೊಳ್ಳಬಹುದು, ಹಾಸಿಗೆಯಲ್ಲಿ ಉಚ್ಚೆ ಮಾಡಬಹುದು, ಬಿಟ್ಟಿದ್ದ ಬೆರಳು ಚೀಪುವ ಅಭ್ಯಾಸ ಮರಳಬಹುದು. ಕೆಲವು ದಿನ ಹೀಗಾದರೆ ಗಾಬರಿ ಬೇಡ, ಗದರಿಕೆಯೂ ಬೇಡ. ದಿನಚರಿಗೆ ಬೇಗ ಮರಳಿ.

ದೂರದಲ್ಲಿದ್ದು ಬರಲಾಗದವರು: ಇದು ಬೇರೆ ಕೆಲಸ

ಹೊರದೇಶದಲ್ಲಿ ದುಡಿಯುತ್ತಿರುವ ಅಪ್ಪ, ಸೇನೆಯಲ್ಲಿರುವ ಅಮ್ಮ, ಆಸ್ಪತ್ರೆಯಲ್ಲಿರುವ ಅಕ್ಕ, ಬೇರೆ ಮನೆ ಮಾಡಿರುವ ತಂದೆ. ಇವರ ಫೋಟೊವನ್ನು ತೀರಿಕೊಂಡವರ ಫೋಟೊದ ಪಕ್ಕದಲ್ಲಿ ಯಾವತ್ತೂ ಇಡಬೇಡಿ. ಹಾಗೆ ಇಟ್ಟರೆ ಅಪ್ಪನೂ ಸತ್ತಿದ್ದಾನೆ ಎಂದು ಮಗು ಅರ್ಥಮಾಡಿಕೊಳ್ಳುವುದು ಸಹಜ.

ಇವರಿಗೆ ಬೇರೆ ಹೊತ್ತು ಇಡಿ. ವಿಡಿಯೊ ಕರೆಯನ್ನು ಗಡಿಯಾರ ನೋಡಿ ಮೊದಲೇ ಗೊತ್ತುಮಾಡಿ. ಗದ್ದಲದ ನಡುವೆ ಬೇಡ. ಕರೆಯಲ್ಲಿ "ಹೇಗಿದ್ದೀಯ" ಎಂದರೆ ಮೂರು ವರ್ಷದ ಮಗು ಮಾತಾಡುವುದಿಲ್ಲ. ಜೊತೆಗೆ ಮಾಡುವ ಕೆಲಸ ಇರಲಿ: ಇಬ್ಬರೂ ಒಂದೇ ಚಿತ್ರ ಬರೆಯುವುದು, ಅಪ್ಪ ಕಥೆ ಓದುವುದು. ಕರೆ ಕಡಿದುಹೋದರೆ ಏನು ಮಾಡುವುದು ಎಂದೂ ಮಗುವಿಗೆ ಹೇಳಿರಿ. ಬರುವ ದಿನ ಖಚಿತವಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿ ದಿನಕ್ಕೊಂದು ಅಡ್ಡಗೀಟು ಎಳೆಯಿರಿ. ಖಚಿತವಿಲ್ಲದಿದ್ದರೆ ದಿನಾಂಕ ಹೇಳಲೇಬೇಡಿ.

ಎಲ್ಲಿದ್ದಾರೆ, ಬರುತ್ತಾರೋ ಇಲ್ಲವೋ ಎಂದೇ ತಿಳಿಯದ ಸ್ಥಿತಿ ತುಂಬಾ ಕಷ್ಟದ್ದು. ಕುಟುಂಬಗಳ ಈ ಅನಿಶ್ಚಿತ ಅಗಲಿಕೆಯನ್ನು ಪಾಲಿನ್ ಬಾಸ್ ಎಂಬ ಸಂಶೋಧಕಿ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಇಂಥ ಕಡೆ ಮಗುವಿಗೆ "ನಮಗೂ ಗೊತ್ತಿಲ್ಲ. ಗೊತ್ತಾದ ತಕ್ಷಣ ನಿಂಗೆ ಹೇಳ್ತೀನಿ" ಎನ್ನುವುದೇ ಸರಿಯಾದ ಉತ್ತರ.

ಮತ್ತೆ ಮತ್ತೆ ಆಗುವ ತಪ್ಪುಗಳು

"ತಾತ ಮೇಲಿಂದ ನೋಡ್ತಿದ್ದಾರೆ, ಗಲಾಟೆ ಮಾಡಬೇಡ." ತೀರಿಕೊಂಡವರನ್ನು ಬೆದರಿಕೆಗೆ ಬಳಸುವುದು ಎಲ್ಲಕ್ಕಿಂತ ಕೆಟ್ಟ ತಪ್ಪು. ಪ್ರೀತಿಸಿದ ತಾತನಿಗೇ ಮಗು ಹೆದರುವಂತೆ ಮಾಡುತ್ತದೆ.

"ನೀನೀಗ ಮನೆಯ ಗಂಡಸು, ಅಮ್ಮನ್ನ ನೋಡ್ಕೋಬೇಕು." ಆರು ವರ್ಷದ ಹುಡುಗನಿಗೆ ಹೇಳುವ ಮಾತಲ್ಲ. ನೆಂಟರು ಹೇಳಿದರೆ ಮಗುವಿನ ಮುಂದೆಯೇ ತಿದ್ದಿ: "ಇಲ್ಲ, ನೋಡ್ಕೊಳ್ಳೋ ಕೆಲಸ ದೊಡ್ಡವರದ್ದು."

ಸತ್ತವರ ಹೆಸರಿನಲ್ಲಿ ಉಡುಗೊರೆ ಕೊಡುವುದು. "ಅಜ್ಜಿ ಕಳಿಸಿದ್ದು" ಎಂದರೆ ಅಜ್ಜಿ ಎಲ್ಲೋ ಇದ್ದಾರೆ, ಬರಲು ಮನಸ್ಸಿಲ್ಲ ಎಂದಾಯಿತು. "ಅಜ್ಜಿಗೆ ಇಷ್ಟವಾಗ್ತಿದ್ದ ಬಣ್ಣ ಅಂತ ನಾನು ತಂದೆ" ಅನ್ನಿ. ಹಳೆಯ ಫೋಟೊವನ್ನು ಅಲುಗಾಡುವಂತೆ, ಮಾತಾಡುವಂತೆ ಮಾಡುವ ಆ್ಯಪ್‌ಗಳನ್ನೂ ಇದೇ ಕಾರಣಕ್ಕೆ ಪುಟ್ಟ ಮಕ್ಕಳ ಮುಂದೆ ಬಳಸಬೇಡಿ ಎನ್ನುತ್ತೇನೆ. ಸತ್ತವರು ಮರಳುವುದಿಲ್ಲ ಎಂದು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಕಣ್ಣು ಮಿಟುಕಿಸುವ ಅಜ್ಜಿಯನ್ನು ತೋರಿಸಬಾರದು. ಅವರು ಬದುಕಿದ್ದಾಗ ತೆಗೆದ ವಿಡಿಯೊ ಪರವಾಗಿಲ್ಲ, "ಇದು ಮುಂಚೆ ತೆಗೆದಿದ್ದು" ಎಂದು ಹೇಳಿ ತೋರಿಸಿ.

ನೆಂಟರ ಮುಂದೆ ಮಗುವಿನಿಂದ ಪ್ರದರ್ಶನ ಮಾಡಿಸುವುದು. "ತಾತ ಹೇಳಿಕೊಡ್ತಿದ್ದ ಹಾಡು ಹೇಳು ನೋಡೋಣ" ಎನ್ನುವುದು, ಮಗು ಹಾಡಿದಾಗ ಎಲ್ಲರೂ ಅಳುವುದು. ಮಗು ಮತ್ತೆ ಆ ಹಾಡು ಹಾಡುವುದಿಲ್ಲ.

ಹಬ್ಬದ ನೆಪದಲ್ಲಿ ಅವರ ಬಟ್ಟೆ, ಹಾಸಿಗೆ, ಸಾಮಾನುಗಳನ್ನು ಖಾಲಿ ಮಾಡುವುದು. ಅದಕ್ಕೆ ಬೇರೆ ದಿನವಿರಲಿ. ಕೊಡುವ ಮೊದಲು ಮಗುವಿಗೆ ಏನು ಬೇಕು ಎಂದು ಕೇಳಿ. ನಿಮಗೆ ಬೆಲೆಯಿಲ್ಲ ಅನ್ನಿಸಿದ್ದನ್ನೇ ಅದು ಕೇಳಬಹುದು.

ಎಚ್ಚರಿಕೆಯ ಗುರುತುಗಳು

ಹಬ್ಬದ ಸುತ್ತ ಕೆಲವು ದಿನ ಏರುಪೇರಾಗುವುದು ಸಹಜ. ಈ ಕೆಳಗಿನವು ವಾರಗಟ್ಟಲೆ ಉಳಿದರೆ ಮಕ್ಕಳ ವೈದ್ಯರನ್ನೋ ಮಕ್ಕಳ ಮನಸ್ಸಿನ ಬಗ್ಗೆ ತಿಳಿದ ಆಪ್ತಸಲಹೆಗಾರರನ್ನೋ ಕಾಣಿ: ಊಟ, ನಿದ್ದೆ ಕೆಟ್ಟುಹೋಗಿರುವುದು. ಆಟವನ್ನೇ ಬಿಟ್ಟಿರುವುದು. ಒಂದು ಕ್ಷಣವೂ ನಿಮ್ಮನ್ನು ಬಿಟ್ಟಿರಲಾಗದಿರುವುದು. ತನ್ನಿಂದಲೇ ಅವರು ಸತ್ತರು ಎಂಬ ಮಾತು ಎಷ್ಟು ಹೇಳಿದರೂ ಹೋಗದಿರುವುದು. ಬೇರೆ ಮಕ್ಕಳನ್ನು, ಪ್ರಾಣಿಗಳನ್ನು ನೋಯಿಸುವುದು.

"ನಂಗೂ ಅಜ್ಜಿ ಹತ್ರ ಹೋಗ್ಬೇಕು" ಎಂದರೆ ಗಾಬರಿ ತೋರಿಸದೆ "ಯಾಕೆ ಹಾಗನ್ನಿಸ್ತು?" ಎಂದು ಕೇಳಿ. ಪುಟ್ಟ ಮಕ್ಕಳಲ್ಲಿ ಇದು ಹೆಚ್ಚಾಗಿ ಅಜ್ಜಿ ಬೇಕು ಎಂಬ ಹಂಬಲ. ಆದರೆ ಮತ್ತೆ ಮತ್ತೆ ಹೇಳಿದರೆ, ಸಾಯುವುದು ಹೇಗೆ ಎಂದು ಮಾತಾಡಿದರೆ, ತನಗೆ ತಾನೇ ನೋವು ಮಾಡಿಕೊಂಡರೆ ಕಾಯಬೇಡಿ. ಅದೇ ದಿನ ವೈದ್ಯರನ್ನು ಕಾಣಿ, ಮಗುವನ್ನು ಒಂಟಿಯಾಗಿ ಬಿಡಬೇಡಿ.

ದೊಡ್ಡವರ ಮೇಲೂ ಕಣ್ಣಿರಲಿ. 2022ರಲ್ಲಿ ಪರಿಷ್ಕರಿಸಿದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ದೀರ್ಘ ದುಃಖವನ್ನು ಒಂದು ಕಾಯಿಲೆಯಾಗಿ ಸೇರಿಸಲಾಗಿದೆ. ಸಾವಾಗಿ ದೊಡ್ಡವರಿಗೆ ಕನಿಷ್ಠ 12 ತಿಂಗಳು, ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಕನಿಷ್ಠ 6 ತಿಂಗಳು ಕಳೆದ ಮೇಲೂ ತೀವ್ರ ಹಂಬಲ ಮತ್ತು ನೋವು ಹೆಚ್ಚುಕಡಿಮೆ ದಿನವೂ ಕಾಡಿ, ಬದುಕು ನಡೆಸಲು ಬಿಡದಿದ್ದರೆ ಅದಕ್ಕೆ ಚಿಕಿತ್ಸೆ ಬೇಕಾಗಬಹುದು ಎಂದರ್ಥ. ಅಷ್ಟು ದಿನ ಕಾದೇ ಸಹಾಯ ಕೇಳಬೇಕೆಂದಿಲ್ಲ. ಮಗುವಿಗೆ ಊಟ ಹಾಕುವುದು, ಸ್ನಾನ ಮಾಡಿಸುವುದು ನಿಮಗೆ ಆಗುತ್ತಿಲ್ಲ ಎಂದಾದರೆ ಇವತ್ತೇ ಯಾರಿಗಾದರೂ ಹೇಳಿ.

ಮುಂದಿನ ವರ್ಷಕ್ಕೆ

ಹಬ್ಬ ಮುಗಿದ ವಾರದೊಳಗೆ ನಾಲ್ಕು ಸಾಲು ಬರೆದು ಅದೇ ಡಬ್ಬಿಯಲ್ಲಿಡಿ: ಯಾವುದು ಚೆನ್ನಾಗಿ ನಡೆಯಿತು, ಎಲ್ಲಿ ಉದ್ದವಾಯಿತು, ಮಗು ಏನು ಕೇಳಿತು. ಮುಂದಿನ ವರ್ಷ ಮತ್ತೆ 2ನೇ ಹಂತದಿಂದಲೇ ಶುರುಮಾಡಿ. ಮೂರರಲ್ಲಿ ಬಲೂನಿನ ಹಿಂದೆ ಓಡಿದ ಮಗು ಐದರಲ್ಲಿ "ಹಾಗಾದ್ರೆ ತಾತ ಯಾವತ್ತೂ ಬರಲ್ವಾ?" ಎಂದು ಮೊದಲ ಸಲ ಅಳಬಹುದು. ಹಳೆಯ ಗಾಯ ಕೆದಕಿತು ಅಂದುಕೊಳ್ಳಬೇಡಿ. ಅದಕ್ಕೆ ಈಗಷ್ಟೇ ಅರ್ಥವಾಗಿದೆ. ಆ ವರ್ಷ ನೆನಪಿನ ಹೊತ್ತನ್ನು ಸ್ವಲ್ಪ ಉದ್ದ ಮಾಡಿ, ಕಥೆಯನ್ನು ಮಗುವೇ ಆರಿಸಲಿ.